ಕೆಂಪು ಬಟ್ಟೆಯ ಕಿರ್ದಿ ಪುಸ್ತಕ: ಆರು ತಿಂಗಳು ಬರೆದು ನೋಡಿದ ಮೇಲೆ

ದೀಪಾವಳಿ ಹತ್ತಿರವಾದಂತೆ ಬೆಂಗಳೂರಿನ ಅವೆನ್ಯೂ ರಸ್ತೆಯ ಕಾಗದದ ಅಂಗಡಿಗಳಲ್ಲಿ ಕೆಂಪು ಬಟ್ಟೆಯ ರಟ್ಟು ಹಾಕಿದ ಲೆಕ್ಕದ ಪುಸ್ತಕಗಳ ರಾಶಿ ಬೀಳುತ್ತದೆ. ಲಕ್ಷ್ಮೀಪೂಜೆಯ ದಿನ ಹೊಸ ಲೆಕ್ಕ ತೆರೆಯುವ ವರ್ತಕರಿಗಾಗಿ ಬರುವ ಮಾಲು ಅದು. ಮನೆಯ ಲೆಕ್ಕ ಬರೆಯುವುದಕ್ಕೆಂದು ಅದನ್ನು ಕೇಳಿಕೊಂಡು ಹೋಗುವವರು ಈಗ ಕಡಿಮೆ ಎಂಬುದು ಅಂಗಡಿಯವರು ನನ್ನನ್ನು ನೋಡಿದ ರೀತಿಯಲ್ಲಿಯೇ ತಿಳಿಯಿತು. 200 ಪುಟಗಳ ಕಿರ್ದಿ ಪುಸ್ತಕಕ್ಕೆ ನಾನು ಕೊಟ್ಟದ್ದು 190 ರೂಪಾಯಿ. ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಒಂದು ದಿನವೂ ಬಿಡದೆ ಅದರಲ್ಲಿ ನಮ್ಮ ಮನೆಯ ಜಮಾ-ಖರ್ಚು ಬರೆದಿದ್ದೇನೆ. ವೈಯಕ್ತಿಕ ಸಾಲವನ್ನು ಅವಧಿಗೆ ಮುಂಚೆ ತೀರಿಸಬೇಕೆಂದಿರುವ ಮನೆಗಳಿಗೆ ಈ ಪುಸ್ತಕ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಸಾಲದ ವಿಷಯ. ಮನೆ ಬದಲಿಸಿದಾಗ ಕೊಡಬೇಕಾದ ಮುಂಗಡಕ್ಕೂ ಮಾವನವರ ಮೊಣಕಾಲಿನ ಶಸ್ತ್ರಚಿಕಿತ್ಸೆಗೂ ಸೇರಿ ನಾವು ಒಂದು ಬ್ಯಾಂಕಿನಿಂದ 4 ಲಕ್ಷ ರೂಪಾಯಿ ತೆಗೆದುಕೊಂಡಿದ್ದೆವು. ವಾರ್ಷಿಕ ಬಡ್ಡಿ ಶೇ. 14, ಅವಧಿ 48 ತಿಂಗಳು, ತಿಂಗಳ ಕಂತು 10,931 ರೂಪಾಯಿ. ಹದಿನಾಲ್ಕು ಕಂತು ಕಟ್ಟಿದ ಮೇಲೆ ಒಂದು ದಿನ ಸಾಲದ ವಿವರಪಟ್ಟಿ ತೆರೆದು ನೋಡಿದರೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಹಣ ನಮ್ಮ ಕೈಬಿಟ್ಟಿದ್ದರೂ ಅಸಲಿನಲ್ಲಿ ಇಳಿದದ್ದು 95 ಸಾವಿರದ ಒಳಗೇ ಇತ್ತು. ಲೆಕ್ಕ ತಪ್ಪಿರಲಿಲ್ಲ. ಮೊದಲ ಕಂತಿನಲ್ಲಿಯೇ 4,667 ರೂಪಾಯಿ ಬಡ್ಡಿಗೆ ಹೋಗಿ, ಅಸಲಿಗೆ ಸಂದದ್ದು 6,264 ಮಾತ್ರ. ಬಡ್ಡಿ ಯಾವಾಗಲೂ ಉಳಿದ ಅಸಲಿನ ಮೇಲೆ ಬೀಳುವುದರಿಂದ, ಅಸಲನ್ನು ಎಷ್ಟು ಬೇಗ ಇಳಿಸಿದರೆ ಅಷ್ಟು ಲಾಭ ಎಂಬುದು ಗೊತ್ತಿದ್ದ ವಿಷಯವೇ. ಇಳಿಸುವುದಕ್ಕೆ ಹಣ ಎಲ್ಲಿಂದ ತರುವುದು ಎಂಬುದೊಂದೇ ಪ್ರಶ್ನೆ.

ಪುಸ್ತಕಕ್ಕೆ ಬರುವ ಮೊದಲು, ಖರ್ಚಿನ ಲೆಕ್ಕವಿಡುವ ಒಂದು ಮೊಬೈಲ್ ಆ್ಯಪನ್ನು ಎರಡು ತಿಂಗಳು ಬಳಸಿದ್ದೆ. ಬ್ಯಾಂಕಿನಿಂದ ಬರುವ ಸಂದೇಶಗಳನ್ನು ಓದಿ ಅದು ತಾನೇ ಲೆಕ್ಕ ಹಾಕುತ್ತಿತ್ತು. ನನ್ನ ಖಾತೆಯಿಂದ ನಮ್ಮ ಮನೆಯವರ ಖಾತೆಗೆ ಹಾಕಿದ ಹಣವನ್ನೂ ಖರ್ಚೆಂದು ಬರೆದುಕೊಳ್ಳುತ್ತಿತ್ತು, ಮಾವನವರ ಮಾತ್ರೆಗಳನ್ನು ಷಾಪಿಂಗ್ ಎಂಬ ತಲೆಬರಹದಡಿ ಸೇರಿಸುತ್ತಿತ್ತು. ಅದನ್ನೆಲ್ಲ ತಿದ್ದಿಕೊಳ್ಳಬಹುದಿತ್ತು. ಆದರೆ ಎರಡನೆಯ ತಿಂಗಳ ಕೊನೆಗೆ, ನಮ್ಮ ಖರ್ಚು ಹೆಚ್ಚಾಗಿರುವುದನ್ನು ತೋರಿಸುವ ಕೆಂಪು ಗೆರೆಯ ಕೆಳಗೇ, ‘ನಿಮಗೆ 2 ಲಕ್ಷ ರೂಪಾಯಿ ಸಾಲ ಸಿದ್ಧವಾಗಿದೆ’ ಎಂದು ಜಾಹೀರಾತು ಕಾಣಿಸಿತು. ಅಂದೇ ಆ ಆ್ಯಪನ್ನು ಅಳಿಸಿದೆ.

ಕಿರ್ದಿ ಎಂದರೆ ದಿನವಹಿ, ಆಯಾ ದಿನದ ಜಮಾ-ಖರ್ಚು ಬರೆಯುವ ಪುಸ್ತಕ. ಎಡಪುಟ ಜಮಾಕ್ಕೆ, ಬಲಪುಟ ಖರ್ಚಿಗೆ. ಪ್ರತಿ ಪುಟದಲ್ಲಿ ದಿನಾಂಕ, ವಿವರ, ಖಾತೆಯ ಪುಟಸಂಖ್ಯೆ, ರೂಪಾಯಿ, ಪೈಸೆ ಎಂದು ಕೆಂಪು ಗೆರೆಗಳ ಅಂಕಣಗಳಿವೆ. ಹಾಳೆ ತುಸು ಹಳದಿ ಛಾಯೆಯದು. ಜೆಲ್ ಪೆನ್ನಿನಲ್ಲಿ ಬರೆದರೆ ಶಾಯಿ ಹಿಂಬದಿಗೆ ಇಳಿಯುತ್ತದೆ, ಬಾಲ್ ಪೆನ್ನಿಗೆ ಹೇಳಿ ಮಾಡಿಸಿದಂತಿದೆ. ದಪ್ಪ ದಾರದ ಹೊಲಿಗೆ ಆರು ತಿಂಗಳಾದರೂ ಸಡಿಲವಾಗಿಲ್ಲ, ಪುಸ್ತಕ ಯಾವ ಪುಟದಲ್ಲಿ ತೆರೆದರೂ ಮೇಜಿನ ಮೇಲೆ ಅಂಗಾತ ಕೂರುತ್ತದೆ. ನಾನು ಮೊದಲು ತಂದ ಪ್ರತಿಯಲ್ಲಿ ನಡುವಿನ ಹನ್ನೆರಡು ಪುಟಗಳ ಗೆರೆ ಓರೆಯಾಗಿ ಅಚ್ಚಾಗಿತ್ತು. ಅಂಗಡಿಯವರು ಗೊಣಗುತ್ತಲೇ ಬದಲಿಸಿ ಕೊಟ್ಟರು. ಕೊಳ್ಳುವಾಗ ಪುಟ ತಿರುವಿ ನೋಡಿಕೊಂಡು ಕೊಳ್ಳುವುದು ಒಳ್ಳೆಯದು.

ಪೈಸೆಯ ಅಂಕಣ ಇಂದಿನ ಮನೆಗೆ ದಂಡ. ಅದನ್ನು ನಾನು ಹಣ ಹೋದ ದಾರಿಯನ್ನು ಗುರುತಿಸುವುದಕ್ಕೆ ಬಳಸಿಕೊಂಡೆ: ನಗದಿಗೆ ‘ನ’, ಯುಪಿಐಗೆ ‘ಯು’, ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾದದ್ದಕ್ಕೆ ‘ತಾ’. ಕೊನೆಯ ಹದಿನಾರು ಪುಟಗಳನ್ನು ಖಾತೆಗಳಿಗೆ, ಅಂದರೆ ಒಂದೊಂದು ಬಗೆಯ ಖರ್ಚನ್ನು ಬೇರೆಯಾಗಿ ಬರೆಯುವುದಕ್ಕೆ, ತೆಗೆದಿರಿಸಿ, ದಿನಸಿ, ತರಕಾರಿ, ಹಾಲು, ಓಡಾಟ, ಹೊರಗಿನ ತಿಂಡಿ, ಔಷಧಿ, ಸಾಲ ಎಂದು ಬಾಬ್ತುಗಳನ್ನು ಹಂಚಿಕೊಂಡೆ. ಒಂದು ಜೋಡಿ ಪುಟಕ್ಕೆ ಎರಡು ದಿನದಂತೆ ಬರೆದರೆ ಮಿಕ್ಕ ಪುಟಗಳು ಆರು ತಿಂಗಳಿಗೆ ಸರಿಯಾಗಿ ಸಾಕಾಗುತ್ತವೆ.

ಈ ಪುಸ್ತಕದ ಜೀವ ಇರುವುದು ಶಿಲ್ಕಿನಲ್ಲಿ, ಅಂದರೆ ದಿನದ ಕೊನೆಗೆ ಕೈಯಲ್ಲಿ ಉಳಿಯುವ ಮೊತ್ತದಲ್ಲಿ. ನಮ್ಮ ತಂದೆಯವರು ಊರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಶಿಲ್ಕು ತಾಳೆಯಾಗದೆ ಅವರು ಸಂಘದ ಬಾಗಿಲು ಹಾಕಿದ್ದನ್ನು ನಾನು ಕಂಡಿಲ್ಲ. ನಾನು ಕಿರ್ದಿ ತಂದೆನೆಂದು ತಿಳಿದಾಗ ಅವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ‘ಖರ್ಚು ಬರೆಯೋದು ದೊಡ್ಡದಲ್ಲಮ್ಮ, ರಾತ್ರಿ ಕೈಯಲ್ಲಿರೋ ದುಡ್ಡು ಎಣಿಸಿ ಪುಸ್ತಕದ ಜೊತೆ ಕೂಡಿಸಿ ನೋಡು.’ ಆರಂಭ ಶಿಲ್ಕಿಗೆ ಆ ದಿನದ ಜಮಾ ಸೇರಿಸಿ, ಖರ್ಚು ಕಳೆದು, ಬಂದ ಮೊತ್ತವು ಪರ್ಸಿನಲ್ಲಿರುವ ನಗದು ಮತ್ತು ಮನೆಖರ್ಚಿನ ಬ್ಯಾಂಕ್ ಖಾತೆಯಲ್ಲಿ ಉಳಿದಿರುವ ಹಣ ಎರಡರ ಮೊತ್ತಕ್ಕೆ ಸರಿಹೊಂದಬೇಕು. ಮೊದಲ ವಾರ ಒಂದು ದಿನವೂ ಹೊಂದಲಿಲ್ಲ. 40 ರೂಪಾಯಿ, 115 ರೂಪಾಯಿ, ಒಂದು ದಿನ 362 ರೂಪಾಯಿ ಎಲ್ಲಿ ಹೋಯಿತೆಂದು ಇಬ್ಬರೂ ಕುಳಿತು ನೆನಪಿಸಿಕೊಳ್ಳಬೇಕಾಯಿತು. ಆ 362 ಯಾರೂ ನೋಡದೆ ನವೀಕರಣವಾಗುತ್ತಿದ್ದ ಒಂದು ಮನರಂಜನಾ ಚಂದಾದ್ದು. ಹುಡುಕುತ್ತ ಹೋದಾಗ ಅಂಥವು ಇನ್ನೂ ಎರಡು ಸಿಕ್ಕವು.

ದುಡ್ಡು ಸೋರುತ್ತಿದ್ದದ್ದು ನಾನು ಅಂದುಕೊಂಡಲ್ಲಿ ಅಲ್ಲ ಎಂಬುದೇ ಮೊದಲ ತಿಂಗಳ ಲೆಕ್ಕ ಹೇಳಿದ ಮುಖ್ಯ ಸಂಗತಿ. ಹಾಲು, ತರಕಾರಿ, ಅಕ್ಕಿ-ಬೇಳೆಯಲ್ಲಿ ಉಳಿಸಬೇಕೆಂದು ನಾನು ಹಟ ತೊಟ್ಟಿದ್ದೆ. ಆ ಬಾಬ್ತುಗಳಲ್ಲಿ ಕತ್ತರಿಸುವುದಕ್ಕೆ ನೂರಿನ್ನೂರು ರೂಪಾಯಿಯೂ ಇರಲಿಲ್ಲ. ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಸೇವೆಯಿಂದ ಮಾತ್ರ ಒಂದು ತಿಂಗಳಲ್ಲಿ 23 ಸಲ ಸಾಮಾನು ಬಂದಿತ್ತು. ನವೆಂಬರ್ 9ರ ಬಲಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: ಕೊತ್ತಂಬರಿ ಸೊಪ್ಪು 15, ತಲುಪಿಸಿದ ಶುಲ್ಕ 30, ಜೊತೆಗೆ ಐಸ್‌ಕ್ರೀಮ್ 120. ಒಗ್ಗರಣೆಯ ಮೇಲೆ ಉದುರಿಸುವ ಸೊಪ್ಪಿಗೆಂದು ಫೋನ್ ಕೈಗೆತ್ತಿಕೊಂಡವಳು 165 ರೂಪಾಯಿ ಕಳೆದಿದ್ದೆ. ಫೋನಿನಲ್ಲಿ ಅದು ಒಂದು ಸದ್ದು ಮಾಡಿ ಮುಗಿದುಹೋಗಿತ್ತು; ಮೂರು ಸಾಲಾಗಿ ಕೈಯಾರೆ ಬರೆಯುವಾಗ ಮುಖ ಬಿಸಿಯಾಯಿತು.

ಹೊರಗಿನ ಊಟ-ತಿಂಡಿಗೆ ಆ ತಿಂಗಳು 5,860 ರೂಪಾಯಿ, ಆಟೋಗೆ 3,300 ರೂಪಾಯಿ ಹೋಗಿತ್ತು. ನನ್ನ ಓಡಾಟಕ್ಕೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇರುವುದರಿಂದ ಆಟೋದ ಬಹುಪಾಲು ನಮ್ಮ ಮನೆಯವರದು. ಅವರು 1,200 ರೂಪಾಯಿಯ ಬಿಎಂಟಿಸಿ ಸಾಮಾನ್ಯ ಮಾಸಿಕ ಪಾಸು ಮಾಡಿಸಿಕೊಂಡರು, ಮಳೆ ಅಥವಾ ತಡವಾದ ದಿನಗಳಿಗೆ 600 ರೂಪಾಯಿ ಆಟೋಗೆಂದು ಬಿಟ್ಟೆವು. ಹೊರಗಿನ ತಿಂಡಿಯನ್ನು ಪೂರ್ತಿ ನಿಲ್ಲಿಸಲಿಲ್ಲ. ಭಾನುವಾರದ ಮಸಾಲೆ ದೋಸೆ ಉಳಿದಿದೆ, ವಾರದ ನಡುವೆ ರಾತ್ರಿ ತರಿಸಿಕೊಳ್ಳುತ್ತಿದ್ದದ್ದು ನಿಂತಿದೆ. ತಿಂಗಳ ಸಾಮಾನಿನ ಚೀಟಿ ಬರೆದು ಬೀದಿ ಕೊನೆಯ ದಿನಸಿ ಅಂಗಡಿಗೆ ಕೊಡುವ ಹಳೆಯ ಪದ್ಧತಿಗೆ ಮರಳಿದ್ದೇವೆ. ಮೊದಲ ತಿಂಗಳು ಉಳಿದದ್ದು 1,200 ರೂಪಾಯಿ, ಎರಡು ಮದುವೆಗಳಿದ್ದ ಫೆಬ್ರವರಿಯಲ್ಲಿ 4,600, ಏಪ್ರಿಲ್‌ನಲ್ಲಿ 7,400. ಆರು ತಿಂಗಳಿಗೆ ಒಟ್ಟು 30,200.

ಪುಸ್ತಕದಿಂದಾದ ಒಂದು ಅನಾಹುತವನ್ನೂ ಹೇಳಬೇಕು. ಕಿರ್ದಿ ಊಟದ ಮೇಜಿನ ಮೇಲೆ ತೆರೆದೇ ಇರುತ್ತಿತ್ತು, ಯಾರು ಬೇಕಾದರೂ ಓದಬಹುದಿತ್ತು. ಜನವರಿಯಲ್ಲಿ ಮಾವನವರ ನಡಿಗೆ ಮತ್ತೆ ಕುಂಟುತ್ತಿರುವುದನ್ನು ನೋಡಿ ವಿಚಾರಿಸಿದರೆ, ಹರಿದುಹೋದ ಮೊಣಕಾಲಿನ ಪಟ್ಟಿಯನ್ನು ಅವರು ಮೂರು ವಾರದಿಂದ ಬದಲಿಸಿರಲಿಲ್ಲ. ‘ಪುಸ್ತಕದಲ್ಲಿ ನನ್ನ ಹೆಸರೇ ಜಾಸ್ತಿ ಕಾಣುತ್ತಲ್ಲಮ್ಮ’ ಎಂದರು. ಮೈಮರೆತು ಖರ್ಚು ಮಾಡುವವರಿಗೆ ನಾಚಿಕೆ ತರಿಸುವ ಬರಹವೇ, ಮೊದಲೇ ಸಂಕೋಚದಲ್ಲಿರುವ ಹಿರಿಯರಿಗೆ ತಾವು ಹೊರೆಯೆಂಬ ಭಾವ ತರಿಸುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಅಂದಿನಿಂದ ಔಷಧಿ ಮತ್ತು ಆಸ್ಪತ್ರೆಯ ಖರ್ಚನ್ನು ಯಾರದೆಂದು ಬರೆಯುವುದಿಲ್ಲ, ‘ಔಷಧಿ’ ಎಂದಷ್ಟೇ ಬರೆದು ಮೊತ್ತ ಹಾಕುತ್ತೇನೆ, ತಿಂಗಳ ಕೊನೆಯ ಉಳಿತಾಯದ ಚರ್ಚೆಗೆ ಆ ಖಾತೆಯನ್ನು ತೆಗೆಯುವುದಿಲ್ಲ. ಇದು ಪುಸ್ತಕದ ದೋಷವಲ್ಲ, ನನ್ನದು. ಆದರೆ ಹಿರಿಯರಿರುವ ಮನೆಯಲ್ಲಿ ಇದನ್ನು ಬಳಸುವವರು ಮೊದಲ ದಿನವೇ ಈ ಏರ್ಪಾಡು ಮಾಡಿಕೊಳ್ಳುವುದು ಮೇಲು.

ಉಳಿದ ಕೊರತೆಗಳು ಸಣ್ಣವು. ಕೂಡುವ ಕೆಲಸ ನಮ್ಮದೇ, ಬಾಬ್ತುವಾರು ಮೊತ್ತ ಬೇಕೆಂದರೆ ಕಿರ್ದಿಯಿಂದ ಖಾತೆಗೆ ಇಳಿಸಿಕೊಳ್ಳಬೇಕು, ತಿಂಗಳ ಕೊನೆಯ ಭಾನುವಾರ ಅದಕ್ಕೆ ಒಂದು ಗಂಟೆ ಹಿಡಿಯುತ್ತದೆ. ಪ್ರವಾಸಕ್ಕೆ ಒಯ್ಯುವ ಗಾತ್ರದ್ದಲ್ಲ.

ಇನ್ನು ಉಳಿಸಿದ ಹಣ ಸಾಲಕ್ಕೆ ಸೇರುವ ದಾರಿ. ಪುಸ್ತಕ ಇಲ್ಲಿ ಏನೂ ಮಾಡಲಾರದು, ಮತ್ತು ನಾವು ಎಡವಿದ್ದೂ ಇಲ್ಲಿಯೇ. ಬದಲಾಗುವ ಬಡ್ಡಿಯ ಮೇಲೆ ವ್ಯಕ್ತಿಗಳು ವ್ಯಾಪಾರಕ್ಕಲ್ಲದೆ ಪಡೆದ ಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕುಗಳು ದಂಡಶುಲ್ಕ ಹಾಕುವಂತಿಲ್ಲವೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ; ಆದರೆ ವೈಯಕ್ತಿಕ ಸಾಲಗಳು ಬಹುತೇಕ ನಿಗದಿತ ಬಡ್ಡಿಯವಾದ್ದರಿಂದ ಅಲ್ಲಿ ಕರಾರಿನಲ್ಲಿ ಏನಿದೆಯೋ ಅದೇ ಲೆಕ್ಕ. 2024ರ ಅಕ್ಟೋಬರ್‌ನಿಂದ ಮಂಜೂರಾಗುವ ಚಿಲ್ಲರೆ (ರೀಟೇಲ್) ಸಾಲಗಳಿಗೆ ಇಂಥ ಶುಲ್ಕಗಳನ್ನೆಲ್ಲ ಒಂದೆಡೆ ತೋರಿಸುವ ಮುಖ್ಯ ಸಂಗತಿಗಳ ಹೇಳಿಕೆಯನ್ನು ಕೊಡಬೇಕಾಗಿದೆ. ನಮ್ಮದು ಅದಕ್ಕಿಂತ ತುಸು ಮೊದಲಿನ ಸಾಲವಾದ್ದರಿಂದ ಕರಾರುಪತ್ರದ ಸಣ್ಣ ಅಕ್ಷರಗಳಲ್ಲಿ ಹುಡುಕಬೇಕಾಯಿತು: ಹನ್ನೆರಡು ಕಂತಿನ ನಂತರವಷ್ಟೇ ಭಾಗಶಃ ಮರುಪಾವತಿ, ಒಂದು ಸಲಕ್ಕೆ ಕನಿಷ್ಠ 25,000 ರೂಪಾಯಿ, ಅದರ ಮೇಲೆ ಶೇ. 2ರ ಶುಲ್ಕ, ಶುಲ್ಕದ ಮೇಲೆ ಶೇ. 18ರ ಜಿಎಸ್‌ಟಿ. ಹೀಗಾಗಿ ತಿಂಗಳ ಉಳಿತಾಯವನ್ನು ಆಯಾ ತಿಂಗಳೇ ಸಾಲಕ್ಕೆ ಹಾಕುವ ನಮ್ಮ ಆಸೆ ನಡೆಯಲಿಲ್ಲ. ಬೇರೊಂದು ಉಳಿತಾಯ ಖಾತೆಯಲ್ಲಿ ಕೂಡಿಟ್ಟು, ಆ ಖಾತೆಗೆ ಯುಪಿಐ ಜೋಡಿಸದೆ ಬಿಟ್ಟೆವು. ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡವರಾದರೆ ಆ ಹಣ ಮೊದಲು ಅಲ್ಲಿಗೇ ಹೋಗಬೇಕು. ಕಾರ್ಡಿನ ಬಡ್ಡಿಯ ಮುಂದೆ ವೈಯಕ್ತಿಕ ಸಾಲದ ಬಡ್ಡಿ ಏನೂ ಅಲ್ಲ.

ಇಪ್ಪತ್ತನೆಯ ಕಂತು ಕಟ್ಟಿದ ಬೆನ್ನಿಗೇ 30,000 ರೂಪಾಯಿ ಕಟ್ಟಿದೆವು. ಶಾಖೆಯವರು ಹಣ ಜಮಾ ಮಾಡಿಕೊಂಡು, ನಮ್ಮನ್ನು ಕೇಳದೆಯೇ ಅವಧಿಯನ್ನು ಹಾಗೆಯೇ ಇಟ್ಟು ಕಂತನ್ನು 9,669ಕ್ಕೆ ಇಳಿಸಿದ ಹೊಸ ಪಟ್ಟಿಯನ್ನು ಕೈಗಿತ್ತರು. ಕಂತು ಇಳಿದದ್ದು ಕಂಡು ನಮ್ಮ ಮನೆಯವರಿಗೆ ಸಂತೋಷವೇ ಆಗಿತ್ತು. ರಾತ್ರಿ ಕಿರ್ದಿಯ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿ ನೋಡಿದರೆ, ಆ ದಾರಿಯಲ್ಲಿ ಬಡ್ಡಿ ಉಳಿಯುವುದು ಸುಮಾರು 5,300 ರೂಪಾಯಿ. ಕಂತನ್ನು ಮೊದಲಿನಷ್ಟೇ ಇಟ್ಟು ಅವಧಿ ಇಳಿಸಿದರೆ ಉಳಿದ 28 ಕಂತುಗಳು 24 ಪೂರ್ತಿ ಕಂತು ಮತ್ತು 2,900 ರೂಪಾಯಿಯ ಆಸುಪಾಸಿನ ಒಂದು ಚಿಕ್ಕ ಕಂತಿಗೆ ಇಳಿದು, ಬಡ್ಡಿಯಲ್ಲಿ ಸುಮಾರು 10,800 ಉಳಿಯುತ್ತದೆ. ಅದೇ ಹಣಕ್ಕೆ ಎರಡರಷ್ಟು ಫಲ. ಮರುದಿನ ಅರ್ಜಿ ಬರೆದುಕೊಟ್ಟು ಅವಧಿ ಇಳಿಸುವಂತೆ ಕೇಳಿದೆವು. ಎರಡು ಸಲ ಓಡಾಡಿದ ಮೇಲೆ ಪಟ್ಟಿ ತಿದ್ದಿ ಕೊಟ್ಟರು. ಭಾಗಶಃ ಹಣ ಕಟ್ಟುವವರು ಅರ್ಜಿಯಲ್ಲಿಯೇ ‘ಕಂತು ಹಾಗೆಯೇ ಇರಲಿ, ಅವಧಿ ಇಳಿಸಿ’ ಎಂದು ಬರೆದು, ಅದರ ಸ್ವೀಕೃತಿ ಪಡೆದುಕೊಂಡೇ ಹಣ ಕೊಡುವುದು ಕ್ಷೇಮ.

ದಿನಕ್ಕೆ ಹತ್ತು ನಿಮಿಷ ಕುಳಿತು ಬರೆಯುವ ತಾಳ್ಮೆ ಮನೆಯಲ್ಲಿ ಒಬ್ಬರಿಗಾದರೂ ಇದ್ದರೆ ಈ ಪುಸ್ತಕವನ್ನು ಧಾರಾಳವಾಗಿ ಕೊಳ್ಳಬಹುದು. ವಾರಕ್ಕೊಮ್ಮೆ ನೆನಪಿನಿಂದ ಬರೆಯುತ್ತೇನೆ ಎನ್ನುವವರು 190 ರೂಪಾಯಿಯನ್ನೂ ಉಳಿಸಿಕೊಳ್ಳುವುದು ಒಳ್ಳೆಯದು. ನಾನು ಅದೇ ಅಂಗಡಿಯಿಂದ ಎರಡನೆಯದನ್ನು ತಂದಿದ್ದೇನೆ, ಈ ಸಲ ಪುಟಗಳನ್ನೆಲ್ಲ ತಿರುವಿ ನೋಡಿಕೊಂಡು. ಅದರ ಮೊದಲ ಬಲಪುಟದ ಮೊದಲ ಸಾಲು: ಭಾಗಶಃ ಮರುಪಾವತಿ ಶುಲ್ಕ, ಜಿಎಸ್‌ಟಿ ಸೇರಿ 708, ತಾ.