ಕಾರ್ ಚಾರ್ಜರಿನ ಎಂಸಿಬಿ ಪದೇ ಪದೇ ಬೀಳುತ್ತಿದೆಯೇ? ದೊಡ್ಡದು ಹಾಕಿಸಬೇಡಿ

ಮನೆಯಲ್ಲಿ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಹಾಕಿಸಿರುವವರು, ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. 7.4 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಹಾಕಿಸಿದ ಮನೆಯೊಂದರಲ್ಲಿ ಮೂರನೇ ತಿಂಗಳಿಗೇ ಡಿಬಿ ಬಾಕ್ಸಿನೊಳಗೆ (ಮನೆಯ ಲೈನ್‌ಗಳಿಗೆಲ್ಲ ಕರೆಂಟು ಹಂಚುವ ಪೆಟ್ಟಿಗೆ) ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು, ಕರಗಿದೆ. ಬೆಂಕಿ ಹತ್ತಲಿಲ್ಲ, ಅದೇ ಪುಣ್ಯ. ಚಾರ್ಜರೂ ಸರಿಯಿತ್ತು, ಕಾರೂ ಸರಿಯಿತ್ತು. ಕೆಟ್ಟಿದ್ದು ವೈರಿಂಗ್ ಕೆಲಸ.

ಮೊದಮೊದಲು ಚಾರ್ಜಿಗೆ ಹಾಕಿ ಗಂಟೆ ಒಂದೂವರೆ ಗಂಟೆ ಆಗುತ್ತಿದ್ದಂತೆ 32 ಆಂಪ್ ಎಂಸಿಬಿ ಬೀಳುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ ನಿಲ್ಲುತ್ತಿತ್ತು, ಮತ್ತೆ ಬೀಳುತ್ತಿತ್ತು. ಅಳವಡಿಸಿದವರು ಬಂದು ‘ಲೋಡ್ ಜಾಸ್ತಿ’ ಎಂದು ಹೇಳಿ 63 ಆಂಪ್‌ನದು ಹಾಕಿ ಹೋದರು. ಬೀಳುವುದು ನಿಂತಿತು. ಕೆಲವು ವಾರ ಕಳೆದ ಮೇಲೆ ರಾತ್ರಿ ಹೊತ್ತು ಮೀನು ಸೀದಂಥ ವಾಸನೆ. ಮುಚ್ಚಳ ಬಿಚ್ಚಿದರೆ ಎಂಸಿಬಿಯ ಕೆಳಗೆ ವೈರು ಸೇರುವ ಟರ್ಮಿನಲ್ ಸುತ್ತ ಪ್ಲಾಸ್ಟಿಕ್ ಕಂದುಗಟ್ಟಿ ಉಬ್ಬಿತ್ತು. ಎರಡು ಇಂಚಿನಷ್ಟು ವೈರಿನ ಹೊದಿಕೆ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ತಾಮ್ರದ ಎಳೆಗಳಲ್ಲಿ ಅರ್ಧ ಸ್ಕ್ರೂ ಕೆಳಗೆ, ಇನ್ನರ್ಧ ಹೊರಗೇ ಉಳಿದಿದ್ದವು. ವೈರು ಬರೀ 4 ಚದರ ಮಿಲಿಮೀಟರಿನದು.

ಎಂಸಿಬಿಯ ಒಳಗಿನ ಲೋಹದ ಪಟ್ಟಿ ಬಿಸಿಯಾದರೆ ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಸಡಿಲ ಟರ್ಮಿನಲ್ಲಿನ ಬಿಸಿಯೂ ಅದಕ್ಕೆ ತಾಗುತ್ತದೆ. ಇಲ್ಲಿ ಲೋಡ್ ಹೆಚ್ಚಾಗಿರಲೇ ಇಲ್ಲ. ಟರ್ಮಿನಲ್ ಸುಡುತ್ತಿದೆ ಎಂದು ಆ ಎಂಸಿಬಿ ದಿನವೂ ಹೇಳುತ್ತಿತ್ತು. 63 ಆಂಪ್‌ನದು ಹಾಕಿ ಅದರ ಬಾಯಿ ಮುಚ್ಚಿಸಿದರು. ಅಷ್ಟೇ ಅಲ್ಲ, 4 ಚದರ ಮಿಲಿಮೀಟರ್ ವೈರಿಗೆ 63 ಆಂಪ್ ಎಂದರೆ ವೈರಿಗೆ ಓವರ್‌ಲೋಡ್ ಆದರೂ ತಡೆಯುವವರೇ ಇಲ್ಲ.

ಲೆಕ್ಕ ಹಾಕಿ ನೋಡಿ. ಸಡಿಲ ಜೋಡಣೆಯಲ್ಲಿ 0.05 ಓಮ್ ರೋಧವಿದ್ದರೂ 32 ಆಂಪ್ ಹರಿದಾಗ 51 ವ್ಯಾಟ್ ಬಿಸಿ ಹುಟ್ಟುತ್ತದೆ. ಹೆಬ್ಬೆರಳ ತುದಿಯಷ್ಟು ಜಾಗದಲ್ಲಿ ಒಂದು ಸೋಲ್ಡರಿಂಗ್ ಐರನ್ ಇಟ್ಟಂತೆ. ಗೀಸರ್ ಆದರೆ ಹತ್ತಿಪ್ಪತ್ತು ನಿಮಿಷಕ್ಕೆ ಆಫ್ ಆಗುತ್ತದೆ, ಜೋಡಣೆ ತಣ್ಣಗಾಗುತ್ತದೆ. ಕಾರು ಆರೇಳು ಗಂಟೆ ಒಂದೇ ಸಮ ಎಳೆಯುತ್ತದೆ. ದಿನಾ ಕಾದು ಆರಿದರೆ ಸ್ಕ್ರೂ ಇನ್ನಷ್ಟು ಸಡಿಲವಾಗುತ್ತದೆ, ರೋಧ ಇನ್ನಷ್ಟು ಏರುತ್ತದೆ.

ಹಾಗಾಗಿ 32 ಆಂಪ್ ಚಾರ್ಜರಿಗೆ ಡಿಬಿಯಿಂದ ನೇರವಾಗಿ, ಬೇರೆ ಯಾವುದಕ್ಕೂ ಕೊಡದ ಪ್ರತ್ಯೇಕ ಲೈನ್ ಎಳೆಸಿ. ತಾಮ್ರದ ವೈರು 6 ಚದರ ಮಿಲಿಮೀಟರಿಗಿಂತ ಕಡಿಮೆ ಬೇಡ, ಎಂಸಿಬಿ ಆ ವೈರಿಗೆ ತಕ್ಕಂತೆ 40 ಆಂಪ್. ದೂರ 25–30 ಮೀಟರ್ ದಾಟಿದರೆ, ಅಥವಾ ಅದೇ ಪೈಪಿನಲ್ಲಿ ಬೇರೆ ವೈರುಗಳೂ ಇದ್ದರೆ 10 ಚದರ ಮಿಲಿಮೀಟರಿಗೆ ಹೋಗಿ. ಬಿಡಿ ಎಳೆಗಳ ವೈರಾದರೆ ತುದಿಗೆ ಲಗ್ ಅಥವಾ ಫೆರೂಲ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ತುಂಡು) ಹಾಕಿ ಕ್ರಿಂಪ್ ಮಾಡಿಸಿ, ಅಂದರೆ ಉಪಕರಣದಿಂದ ಒತ್ತಿ ಬಿಗಿಸಿ. ಸೀಸದ ಬೆಸುಗೆ ಹಾಕಿ ಸ್ಕ್ರೂ ಬಿಗಿಯುವುದು ತಪ್ಪು, ಒತ್ತಡಕ್ಕೆ ಸೀಸ ನಿಧಾನವಾಗಿ ಜಾರಿ ಸಡಿಲವಾಗುತ್ತದೆ. ಎಷ್ಟು ಬಿಗಿಯಬೇಕು ಎನ್ನುವುದು ಎಂಸಿಬಿ ಮೇಲೋ ಅದರ ಕೈಪಿಡಿಯಲ್ಲೋ ನ್ಯೂಟನ್ ಮೀಟರಿನಲ್ಲಿ ಇರುತ್ತದೆ. ಟಾರ್ಕ್ ಸ್ಕ್ರೂಡ್ರೈವರ್ ತರಲು ಮೊದಲೇ ಹೇಳಿ. ಕೈಯಂದಾಜು ಇಲ್ಲಿ ನಡೆಯುವುದಿಲ್ಲ.

ಆ ಮನೆಯಲ್ಲಿ ಇನ್ನೊಂದು ತಪ್ಪೂ ಸಿಕ್ಕಿತು, ಇದು ಜೀವಕ್ಕೇ ಸಂಬಂಧಿಸಿದ್ದು. ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಅಲ್ಲಿ ಹಾಕಿದ್ದು ಟೈಪ್ ಎಸಿ. ಕಾರಿನೊಳಗಿನ ಚಾರ್ಜರಿನಿಂದ ಡಿಸಿ ಕರೆಂಟು ಸೋರಿದರೆ ಇದಕ್ಕೆ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಆ ಡಿಸಿಯಿಂದ ಒಳಗಿನ ಕೋರ್ ಮರಗಟ್ಟಿ, ಮಾಮೂಲಿ ಎಸಿ ಸೋರಿಕೆಗೂ ಬೀಳದೆ ಕೂರಬಹುದು. ಚಾರ್ಜರಿನೊಳಗೇ 6 ಮಿಲಿಆಂಪ್ ಡಿಸಿ ಸೋರಿಕೆ ಹಿಡಿಯುವ ವ್ಯವಸ್ಥೆ ಇದ್ದರೆ 30 ಮಿಲಿಆಂಪ್‌ನ ಟೈಪ್ ಎ ಸಾಕು, ಇಲ್ಲದಿದ್ದರೆ ಟೈಪ್ ಬಿ ಬೇಕು. ಆರ್‌ಸಿಸಿಬಿಯ ಮುಖದ ಮೇಲಿನ ಚಿಹ್ನೆ ನೋಡಿ: ಬರೀ ಒಂದು ಅಲೆ ಇದ್ದರೆ ಅದು ಟೈಪ್ ಎಸಿ.

ಚಾರ್ಜರಿನೊಳಗೆ ಗರಿಷ್ಠ ಕರೆಂಟ್ ನಿಗದಿ ಮಾಡುವ ಪುಟ್ಟ ಸ್ವಿಚ್ಚುಗಳೋ ಆ್ಯಪ್‌ನಲ್ಲಿ ಸೆಟ್ಟಿಂಗೋ ಇರುತ್ತದೆ. ಚಾರ್ಜರ್ ಎಷ್ಟು ಎನ್ನುತ್ತದೋ ಅದರ ಮಿತಿಯೊಳಗೆ ಕಾರು ಎಳೆಯುತ್ತದೆ, ಗೋಡೆಯೊಳಗಿನ ವೈರು ಎಂಥದ್ದೆಂದು ಅದಕ್ಕೆ ಗೊತ್ತಿಲ್ಲ. ಲೈನು 16 ಆಂಪ್‌ನದಾದರೆ ಅಲ್ಲಿಯೂ 16 ಇಡಿಸಿ.

ಕೆಲಸ ಮುಗಿದ ಕೂಡಲೇ ಹಣ ಕೊಟ್ಟು ಕಳಿಸಬೇಡಿ. ಬ್ಯಾಟರಿ ಅರ್ಧಕ್ಕಿಂತ ಕೆಳಗಿದ್ದಾಗ ಕಾರನ್ನು ಚಾರ್ಜಿಗೆ ಹಾಕಿ, ಪೂರ್ತಿ ಕರೆಂಟಿನಲ್ಲಿ ಒಂದು ಗಂಟೆ ಚಾರ್ಜ್ ಆಗಲು ಬಿಡಿ, ಆಮೇಲೆ ಎಲೆಕ್ಟ್ರಿಷಿಯನ್ನರೇ ಮುಚ್ಚಳ ತೆಗೆದು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಟರ್ಮಿನಲ್ ಅಳೆಯಲಿ. ಒಂದು ತುದಿ ಉಳಿದವಕ್ಕಿಂತ ಎದ್ದು ಕಾಣುವಷ್ಟು ಬಿಸಿಯಿದ್ದರೆ ಮೇನ್ ಆಫ್ ಮಾಡಿ ಬಿಚ್ಚಿಸಿ, ಮತ್ತೆ ಹಾಕಿಸಿ. ಈಗಾಗಲೇ ವಾಸನೆ ಬರುತ್ತಿದ್ದರೆ ಕಾರಿನಿಂದಲೋ ಆ್ಯಪ್‌ನಿಂದಲೋ ಮೊದಲು ಚಾರ್ಜಿಂಗ್ ನಿಲ್ಲಿಸಿ, ಆಮೇಲೆ ಮೇನ್ ಆಫ್ ಮಾಡಿ. ಕಂದುಗಟ್ಟಿದ ಎಂಸಿಬಿಯನ್ನು ಸ್ಕ್ರೂ ಬಿಗಿದು ಮತ್ತೆ ಬಳಸುವಂತಿಲ್ಲ. ಅದನ್ನು ಬದಲಿಸಬೇಕು, ಸುಟ್ಟ ವೈರಿನ ತುದಿಯನ್ನೂ ಹೊಸ ತಾಮ್ರ ಕಾಣುವವರೆಗೂ ಕತ್ತರಿಸಿ ತೆಗೆಯಬೇಕು.