ಖಾಲಿ ಪಾಯಿಂಟ್‌ಗೆ ಕರೆದುಕೊಂಡು ಹೋಗ್ತೀವಿ ಅಂದವರಿಗೆ ದುಡ್ಡು ಕಟ್ಟುವ ಮೊದಲು

ಬೆಂಗಳೂರಿನಲ್ಲಿ ಈಗ ಸರ್ಫಿಂಗ್ ಪ್ಯಾಕೇಜ್ ಮಾರುವವರು ಜಾಸ್ತಿಯಾಗಿದ್ದಾರೆ. ಮೂಲ್ಕಿಗೆ ಹೋಗಿ ಒಂದು ವೀಕೆಂಡ್ ಬೋರ್ಡ್ ಮೇಲೆ ನಿಂತು ಬಂದವರನ್ನು ಹುಡುಕಿ, ವಾಟ್ಸಾಪ್ ಗುಂಪಿಗೆ ಸೇರಿಸಿ, ‘ಜನವೇ ಇಲ್ಲದ ಪಾಯಿಂಟ್, ಅಲೆಯೆಲ್ಲಾ ನಿಮ್ಮದೇ’ ಅಂತ ಶ್ರೀಲಂಕಾಕ್ಕೆ ಕರೆದೊಯ್ಯುತ್ತಾರೆ. (ಪಾಯಿಂಟ್ ಅಂದರೆ ಬಂಡೆ ಮೂಲೆಯನ್ನು ಸುತ್ತಿ ಅಲೆ ಒಡೆಯುವ ಜಾಗ.) ನಾನು ಮತ್ತು ನನ್ನ ತಮ್ಮ ಈ ಆಗಸ್ಟ್‌ನಲ್ಲಿ ಹಾಗೆ ಹೋಗಿದ್ದೆವು. ತಮ್ಮನ ಮೀನಖಂಡ ಸೀಳಿ ಹೊಲಿಗೆ ಬಿತ್ತು, ಎರಡೂ ಅಂಗೈ ಕಿತ್ತುಹೋಯಿತು. ಇನ್ಶೂರೆನ್ಸ್‌ನಿಂದ ಒಂದು ರೂಪಾಯಿಯೂ ಬರಲಿಲ್ಲ. ಸಂಘಟಕರು ಈಗ ಫೋನ್ ಎತ್ತುವುದಿಲ್ಲ. ದೂರು ನಡೆಯುತ್ತಿರುವುದರಿಂದ ಅವರ ಹೆಸರು ಬರೆಯುತ್ತಿಲ್ಲ. ಇದೇ ರೀತಿ ನಡೆಸುವವರು ಇನ್ನೂ ಇದ್ದಾರೆ ಅನ್ನುವುದು ಆಮೇಲೆ ವಿಚಾರಿಸಿದಾಗ ಗೊತ್ತಾಯಿತು. ಅದಕ್ಕೇ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು, ಇವರ ಮಾತಿನಲ್ಲಿ ನಿಜ ಇರುವ ಭಾಗ. ನಮ್ಮ ಕರಾವಳಿಯಲ್ಲಿ ಜೂನ್ ಬಂತು ಅಂದರೆ ಸಮುದ್ರ ಹೊಸಬರಿಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಮೂಲ್ಕಿ, ಸಸಿಹಿತ್ಲು, ಕಾಪು ಎಲ್ಲ ಕಡೆ ನೀರು ಕೆಸರು ಬಣ್ಣಕ್ಕೆ ತಿರುಗಿ ಅಬ್ಬರಿಸುತ್ತಿರುತ್ತದೆ. ಅದೇ ಹೊತ್ತಿಗೆ ಶ್ರೀಲಂಕಾದ ಪೂರ್ವ ಕರಾವಳಿಯಲ್ಲಿ ಸೀಸನ್. ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ದಕ್ಷಿಣದ ಮಹಾಸಾಗರದಿಂದ ಸ್ವೆಲ್ (ದೂರದ ಗಾಳಿಗೆ ಎದ್ದ ಅಲೆಗಳ ಸಾಲು) ಬರುತ್ತದೆ, ನೈಋತ್ಯದ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸಿ ಅಲೆಯ ಮುಖವನ್ನು ನುಣುಪಾಗಿ ಇಡುತ್ತದೆ. ಪೊಟ್ಟುವಿಲ್ ಪಕ್ಕದ ಅರುಗಂ ಬೇಗೆ ಪ್ರಪಂಚದ ಎಲ್ಲ ಕಡೆಯಿಂದ ಸರ್ಫರ್‌ಗಳು ಬರುವುದು ಈ ತಿಂಗಳುಗಳಲ್ಲೇ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ, ಅಲ್ಲಿಂದ ವ್ಯಾನ್‌ನಲ್ಲಿ ಆರೇಳು ಗಂಟೆ. ಊರು ಚೆಂದ, ಜನ ಒಳ್ಳೆಯವರು, ಊಟ ರುಚಿ. ಹೋಗಬೇಡಿ ಅಂತ ನಾನು ಖಂಡಿತ ಹೇಳುತ್ತಿಲ್ಲ.

ಇವರು ಹೇಳದೆ ಬಿಡುವುದು ಬೇರೆ. ಮೂಲ್ಕಿಯಲ್ಲಿ ನಾವು ಕಲಿತದ್ದು ಮರಳು ತಳದ ಬೀಚ್ ಬ್ರೇಕ್‌ನಲ್ಲಿ. ಅಲೆ ಅಲ್ಲೊಂದು ಇಲ್ಲೊಂದು ಒಡೆಯುತ್ತದೆ, ಬಿದ್ದರೆ ಕೆಳಗೆ ಮರಳು, ಕಲಿಸುವವರು ಸೊಂಟದ ನೀರಿನಲ್ಲಿ ನಿಂತು ಬೋರ್ಡ್ ತಳ್ಳುತ್ತಾರೆ. ಪಾಯಿಂಟ್ ಬ್ರೇಕ್ ಹಾಗಲ್ಲ. ಸಮುದ್ರಕ್ಕೆ ಚಾಚಿಕೊಂಡ ಬಂಡೆ ಮೂಲೆಗೆ ಸ್ವೆಲ್ ಬಂದು ಬಡಿದು, ಅದನ್ನು ಸುತ್ತಿ ಬಾಗಿ, ಒಂದೇ ದಿಕ್ಕಿಗೆ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಸವಾರಿ ಅಷ್ಟು ಉದ್ದ, ಅದಕ್ಕೇ ಎಲ್ಲರಿಗೂ ಅದರ ಆಸೆ. ಆದರೆ ಅಲೆ ಹಿಡಿಯುವ ಜಾಗ ಇರುವುದು ಒಂದೇ, ಬಹಳ ಸಲ ಅದು ಬಂಡೆಯ ಮಗ್ಗುಲಲ್ಲೇ. ಜೊತೆಗೆ ನೀರು ಬಂಡೆಸಾಲಿನ ಉದ್ದಕ್ಕೂ ಒಂದೇ ಕಡೆ ಎಳೆಯುತ್ತಿರುತ್ತದೆ. ಸುಮ್ನೆ ಬೋರ್ಡ್ ಮೇಲೆ ಕೂತಿದ್ದರೂ ನೀವು ಕೂತ ಜಾಗದಲ್ಲಿ ಇರುವುದಿಲ್ಲ. ಬಿಳಿ ನೊರೆಯಲ್ಲಿ ಎದ್ದು ನಿಲ್ಲಲು ಕಲಿತವರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹೇಳಿಕೊಡುವುದು ದುಡ್ಡು ತೆಗೆದುಕೊಂಡವರ ಕೆಲಸ ಅಲ್ವಾ?

ಅರುಗಂ ಬೇಯ ಮೇನ್ ಪಾಯಿಂಟ್‌ನಲ್ಲಿ ಸೀಸನ್‌ನಲ್ಲಿ ತುಂಬಾ ಜನ. ಹೊಸಬರಿಗೆ ಅಂತ ಅದರ ಒಳಗಡೆಯೇ ಬೇಬಿ ಪಾಯಿಂಟ್ ಇದೆ. ಅಲ್ಲಿ ಇಳಿದಿದ್ದರೆ ಏನೂ ಆಗುತ್ತಿರಲಿಲ್ಲ. ‘ಅಲ್ಲಿ ಬರೀ ತಳ್ಳಾಟ, ನಾವು ಆಚೆ ಹೋಗೋಣ’ ಅಂತ ನಮ್ಮನ್ನು ಬೆಳಗಿನ ಜಾವ ಟುಕ್‌ಟುಕ್‌ಗಳಲ್ಲಿ ತುಂಬಿಸಿ ದಕ್ಷಿಣಕ್ಕೆ ಕರೆದೊಯ್ದರು. ಪನಾಮ ಅನ್ನುವ ಹಳ್ಳಿ ದಾಟಿ, ಕುಮನ ರಾಷ್ಟ್ರೀಯ ಉದ್ಯಾನದ ಬಾಗಿಲಿರುವ ಒಕಂದದ ಕಡೆಗೆ ಹೋಗುವ ಮಣ್ಣು ದಾರಿ. ಒಕಂದದಲ್ಲಿ ಹಳೆಯ ಮುರುಗನ ಗುಡಿ ಇದೆ, ಕದಿರಗಾಮಕ್ಕೆ ಪಾದಯಾತ್ರೆ ಹೋಗುವವರು ಅಲ್ಲಿಂದಲೇ ಕಾಡು ಹೊಗುತ್ತಾರೆ. ಆಸುಪಾಸಿನಲ್ಲಿ ಮನೆ ಇಲ್ಲ, ಅಂಗಡಿ ಇಲ್ಲ. ಫೋನ್‌ಗೆ ಸಿಗ್ನಲ್ ಬಂದರೆ ಬಂತು.

ಹನ್ನೆರಡು ಜನಕ್ಕೆ ಕಲಿಸುವವನು ಒಬ್ಬ. ಬೆಂಗಳೂರಿನಿಂದ ಬಂದಿದ್ದ ಇನ್ನೊಬ್ಬ ಸಹಾಯಕನ ಕೈಯಲ್ಲಿ ಡ್ರೋನ್ ರಿಮೋಟ್. ಆ ನೀರನ್ನು ಬಲ್ಲ ಸ್ಥಳೀಯರು ನಮ್ಮ ಜೊತೆ ಒಬ್ಬರೂ ಇರಲಿಲ್ಲ. ಫಸ್ಟ್ ಏಯ್ಡ್ ಡಬ್ಬಿ ಎಲ್ಲಿ ಅಂತ ಕೇಳಿದ್ದಕ್ಕೆ ‘ರೂಮಲ್ಲಿದೆ’ ಅಂದರು. ಬೋರ್ಡ್‌ಗಳು ಊರಲ್ಲಿ ಬಾಡಿಗೆಗೆ ತಂದ ಗಟ್ಟಿ ಬೋರ್ಡ್‌ಗಳು. ಕಲಿಯುವವರಿಗೆ ಕೊಡುವ ಮೆತ್ತನೆಯ ಫೋಮ್ ಬೋರ್ಡ್ ಒಂದೂ ಇರಲಿಲ್ಲ. ನನ್ನ ತಮ್ಮ ಕಾಲಿಗೆ ಲೀಶ್ (ಬೋರ್ಡ್ ದೂರ ಹೋಗದಂತೆ ಕಾಲಿಗೆ ಕಟ್ಟುವ ಹಗ್ಗ) ಕಟ್ಟಿಕೊಳ್ಳುತ್ತಾ ನನ್ನನ್ನು ಕರೆದ. ‘ಅಕ್ಕಾ, ಇದು ನಿಲ್ಲಲ್ಲ ನೋಡು.’ ವೆಲ್ಕ್ರೋ ಪಟ್ಟಿಯ ಕೊಕ್ಕೆಗಳ ಮಧ್ಯೆ ಮರಳು, ಕೂದಲು, ದಾರದ ಎಳೆ ತುಂಬಿಕೊಂಡು ಗಂಟಾಗಿತ್ತು. ಬೆರಳಿನಲ್ಲಿ ಎಳೆದರೆ ಸದ್ದೇ ಇಲ್ಲದೆ ಬಿಚ್ಚಿಕೊಳ್ಳುತ್ತಿತ್ತು. ಕಲಿಸುವವನಿಗೆ ತೋರಿಸಿದೆವು. ಅವನು ಅದರ ಮೇಲೆ ಎರಡು ಸುತ್ತು ಟೇಪ್ ಸುತ್ತಿದ. ‘ಏನೂ ಆಗಲ್ಲ ಬ್ರೋ, ಎಲ್ಲರೂ ಇದನ್ನೇ ಹಾಕೋದು.’

ದಡದಲ್ಲಿ ಒಬ್ಬ ಸ್ಥಳೀಯ ಹುಡುಗ ಬೋರ್ಡ್ ಪಕ್ಕಕ್ಕಿಟ್ಟು ಸಮುದ್ರ ನೋಡುತ್ತಾ ಕೂತಿದ್ದ. ನಮ್ಮನ್ನು ನೋಡಿ ಎದ್ದು ಬಂದು, ಕಲಿಯುವವರು ಇವತ್ತು ಇಳಿಯಬೇಡಿ, ದೊಡ್ಡ ಸೆಟ್ ಬರುತ್ತಿದೆ ಅಂತ ತಮಿಳಿನಲ್ಲಿ ಹೇಳಿದ. ಸೆಟ್ ಅಂದರೆ ಒಂದರ ಹಿಂದೆ ಒಂದಾಗಿ ಬರುವ ಅಲೆಗಳ ಗುಂಪು. ನಮ್ಮ ಗುಂಪಿನಲ್ಲಿ ತಮಿಳು ಬರುವವರು ಅದನ್ನು ಕಲಿಸುವವನಿಗೂ ಹೇಳಿದರು. ಅವನು ಫೋನ್ ತೆಗೆದು ಅಲೆಯ ಮುನ್ಸೂಚನೆ ತೋರಿಸಿ, ‘ಐದು ಅಡಿ ಅಷ್ಟೇ’ ಅಂದ.

ಈ ‘ಐದು ಅಡಿ ಅಷ್ಟೇ’ ಅನ್ನುವುದನ್ನು ಯಾರೂ ನಂಬಬೇಡಿ. ಮುನ್ಸೂಚನೆಯಲ್ಲಿ ಎತ್ತರದ ಪಕ್ಕದಲ್ಲೇ ಸೆಕೆಂಡ್‌ಗಳಲ್ಲಿ ಇನ್ನೊಂದು ಅಂಕಿ ಇರುತ್ತದೆ. ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಹೊತ್ತು ಅದು. ಐದು ಅಡಿ, 8 ಸೆಕೆಂಡ್ ಅಂದರೆ ಹತ್ತಿರದ ಗಾಳಿ ಎಬ್ಬಿಸಿದ ಅಲೆ. ಅದೇ ಐದು ಅಡಿ, 16 ಸೆಕೆಂಡ್ ಅಂದರೆ ಸಾವಿರಾರು ಕಿಲೋಮೀಟರ್ ಆಚೆಯ ಬಿರುಗಾಳಿಯಿಂದ ಬಂದ ಸ್ವೆಲ್. ಅದು ವೇಗವಾಗಿ ಬರುತ್ತದೆ, ನೀರಿನ ಆಳದವರೆಗೂ ಶಕ್ತಿ ಇಟ್ಟುಕೊಂಡಿರುತ್ತದೆ, ತಳ ಮೇಲೇರಿದ ಕಡೆ ಐದು ಅಡಿಗಿಂತ ಎಷ್ಟೋ ಎತ್ತರಕ್ಕೆ ಎದ್ದು ಒಡೆಯುತ್ತದೆ. ಇಂಥ ಸ್ವೆಲ್ ಗುಂಪುಗುಂಪಾಗಿ ಬರುತ್ತದೆ. ಹತ್ತು ನಿಮಿಷ ಕೆರೆಯ ಹಾಗೆ ತಣ್ಣಗಿದ್ದ ನೀರಿನಲ್ಲಿ ಇದ್ದಕ್ಕಿದ್ದಂತೆ ಒಂದರ ಹಿಂದೆ ಒಂದು ನಾಲ್ಕೈದು ಅಲೆ ಏಳುತ್ತವೆ. ದಡದಲ್ಲಿ ಕನಿಷ್ಠ ಅರ್ಧ ಗಂಟೆ ನಿಂತು ನೋಡದೆ ಇಳಿಯಬಾರದು ಅನ್ನುವುದು ಇದಕ್ಕೇ. ನಮ್ಮನ್ನು ಇಳಿಸಿದ್ದು ಆ ತಣ್ಣಗಿನ ಹೊತ್ತಿನಲ್ಲಿ.

ಸೆಟ್ ಬಂದಾಗ ನನ್ನ ತಮ್ಮ ಬಂಡೆಗೆ ಬಹಳ ಹತ್ತಿರ ಇದ್ದ. ಮೊದಲ ಅಲೆಯಲ್ಲಿ ಬಿದ್ದ. ಎರಡನೆಯದಕ್ಕೆ ಟೇಪ್ ಸಮೇತ ಲೀಶ್ ಕಳಚಿತು. ತಿರುಗಿದ ಬೋರ್ಡ್‌ನ ಫಿನ್ (ಅಡಿಯಲ್ಲಿರುವ ರೆಕ್ಕೆಯಂಥ ಭಾಗ) ಅವನ ಮೀನಖಂಡವನ್ನು ನಾಲ್ಕು ಇಂಚು ಸೀಳಿತು. ಬೋರ್ಡ್ ಕೈತಪ್ಪಿದ ಮೇಲೆ ಸೆಳೆತ ಅವನನ್ನು ಬಂಡೆಯ ಉದ್ದಕ್ಕೂ ಉಜ್ಜಿಕೊಂಡು ಹೋಯಿತು. ಅವನು ಕೈಗೆ ಸಿಕ್ಕಿದ್ದನ್ನು ಹಿಡಿದ. ಹಿಡಿದಿದ್ದು ಚಿಪ್ಪು ಅಂಟಿದ ಬಂಡೆ. ಚಿಕ್ಕಂದಿನಿಂದ ಈಜು ಬಲ್ಲವನು, ಉಸಿರು ಕಳೆದುಕೊಳ್ಳಲಿಲ್ಲ. ಈಜು ಬರುತ್ತಾ ಅಂತ ಸಂಘಟಕರ ಫಾರಂನಲ್ಲಿ ಇದ್ದದ್ದು ಒಂದು ಟಿಕ್ ಮಾರ್ಕ್ ಮಾತ್ರ. ಟಿಕ್ ಹಾಕಿದ್ದ ಇನ್ನಿಬ್ಬರಿಗೆ ಎದೆಮಟ್ಟದ ನೀರಿನಾಚೆ ಈಜಲು ಬರುವುದೇ ಇಲ್ಲ ಅಂತ ಅವತ್ತು ಗೊತ್ತಾಯಿತು. ಅವನ ಜಾಗದಲ್ಲಿ ಅವರಿದ್ದಿದ್ದರೆ ಅಂತ ಯೋಚಿಸಿದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಕಲಿಸುವವನು ಆಗ ಕೊಲ್ಲಿಯ ಇನ್ನೊಂದು ಬದಿಯಲ್ಲಿ, ಡ್ರೋನ್ ಕೆಳಗೆ ಒಬ್ಬರನ್ನು ಅಲೆಗೆ ತಳ್ಳುತ್ತಿದ್ದ. ನೀರಿಗೆ ಹಾರಿದವನು ದಡದಲ್ಲಿ ಕೂತಿದ್ದ ಆ ಹುಡುಗ. ತನ್ನ ಬೋರ್ಡ್ ಮೇಲೆ ತಮ್ಮನನ್ನು ಎಳೆದುಕೊಂಡು, ಬಂಡೆಯಿಂದ ಆಚೆ ಸುತ್ತಿ, ಸೆಳೆತ ಹೋಗುವ ದಿಕ್ಕಿಗೇ ಹೋಗಿ ಕೆಳಗಿನ ಮರಳಿನಲ್ಲಿ ತಂದು ಬಿಟ್ಟ. ಅವನಿಗೆ ನಾವು ಜೀವಮಾನವಿಡೀ ಋಣಿಗಳು.

ಟವೆಲ್ ಒತ್ತಿ ಹಿಡಿದು ರಕ್ತ ನಿಲ್ಲಿಸಲು ನೋಡುತ್ತಿದ್ದೆ. ಅಷ್ಟರಲ್ಲಿ ಸಹಾಯಕ ಬಂದು, ಮರಳು ಅಂಟಿದೆ, ಹಿಂದಿನ ಹಿನ್ನೀರಿನಲ್ಲಿ ಕಾಲು ತೊಳೆಯಿರಿ ಅಂದ. ಟುಕ್‌ಟುಕ್ ಚಾಲಕ ಕೂಗಿ ತಡೆದರು. ಆ ಕಡೆಯ ಹಿನ್ನೀರುಗಳಲ್ಲಿ ಮೊಸಳೆಗಳಿವೆ. 2017ರಲ್ಲಿ ಅರುಗಂ ಬೇ ಹತ್ತಿರದ ಎಲಿಫೆಂಟ್ ರಾಕ್ ಬಳಿ ಬ್ರಿಟಿಷ್ ಪತ್ರಕರ್ತರೊಬ್ಬರು ಮೊಸಳೆಗೆ ಬಲಿಯಾಗಿದ್ದರು. ಇಂಥ ಜಾಗಕ್ಕೆ ಜನರನ್ನು ಕರೆತರುವವನಿಗೆ ಇದು ಗೊತ್ತಿಲ್ಲ ಅಂದರೆ ಏನು ಹೇಳುವುದು?

ಆಸ್ಪತ್ರೆ ಇದ್ದದ್ದು ಪೊಟ್ಟುವಿಲ್‌ನಲ್ಲಿ. ಮಣ್ಣು ದಾರಿಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಟವೆಲ್ ಒದ್ದೆಯಾಗುತ್ತಿತ್ತು. ಮಧ್ಯದಲ್ಲಿ ದಾರಿಗೆ ಅಡ್ಡ ಒಂದು ಆನೆ. ಚಾಲಕರು ಎಂಜಿನ್ ಆಫ್ ಮಾಡಿ, ಅದು ತಾನಾಗಿ ಪೊದೆಯೊಳಗೆ ಹೋಗುವವರೆಗೂ ಕಾದರು. ಬೇರೆ ದಾರಿಯೇ ಇರಲಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಮನೆಯವರಂತೆ ನೋಡಿಕೊಂಡರು. ಟೆಟನಸ್ ಚುಚ್ಚಿ, ಕಾಲಿಗೆ ಹೊಲಿಗೆ ಹಾಕಿ, ಅಂಗೈಯೊಳಗೆ ಸೇರಿದ್ದ ಚಿಪ್ಪಿನ ಚೂರುಗಳನ್ನು ನರ್ಸ್ ಒಂದೊಂದಾಗಿ ಚಿಮಟದಲ್ಲಿ ತೆಗೆದರು. ಒಂದು ಚೂರು ಒಳಗೆ ಉಳಿದರೂ ಕೀವು ತುಂಬುತ್ತದೆ ಅಂತ ಎಚ್ಚರಿಸಿದರು. ಸಮುದ್ರದ ಬಂಡೆಯಿಂದ ಆದ ಗಾಯ ನೋಡಲು ಎಷ್ಟು ಸಣ್ಣದಿದ್ದರೂ ಡಾಕ್ಟರಿಗೆ ತೋರಿಸಿ.

ಈಗ ಇನ್ಶೂರೆನ್ಸ್ ವಿಷಯ. ಪ್ಯಾಕೇಜ್‌ನಲ್ಲಿ ‘ಇನ್ಶೂರೆನ್ಸ್ ಸೇರಿದೆ’ ಅಂತ ಬರೆದಿತ್ತು. ನಮಗೆ ಬಂದದ್ದು ಒಂದು ಪುಟದ ಸರ್ಟಿಫಿಕೇಟ್. ಪೂರ್ತಿ ಪಾಲಿಸಿ ಬೇಕು ಅಂತ ಹೊರಡುವ ಮೊದಲೇ ಕೇಳಿದ್ದೆ, ಕಳಿಸುತ್ತೇವೆ ಅಂದವರು ಕಳಿಸಲಿಲ್ಲ. ಆಸ್ಪತ್ರೆ ಬಿಲ್, ಮುಂದೂಡಿದ ವಿಮಾನದ ಟಿಕೆಟ್, ಬೆಂಗಳೂರಿಗೆ ಬಂದ ಮೇಲಿನ ಡ್ರೆಸ್ಸಿಂಗ್ ಖರ್ಚು ಎಲ್ಲ ಸೇರಿಸಿ ಕ್ಲೇಮ್ ಹಾಕಿದೆವು. ಸಾಹಸ ಕ್ರೀಡೆಗೆ ಈ ಪಾಲಿಸಿಯಲ್ಲಿ ರಕ್ಷಣೆ ಇಲ್ಲ ಅಂತ ತಿರಸ್ಕರಿಸಿದರು. ಸರ್ಫಿಂಗ್ ಪ್ಯಾಕೇಜ್‌ಗೆ ಸರ್ಫಿಂಗ್ ಬಿಟ್ಟು ಉಳಿದದ್ದಕ್ಕೆಲ್ಲ ಅನ್ವಯಿಸುವ ಪಾಲಿಸಿ! ಸಂಘಟಕರಿಗೆ ಇದು ಗೊತ್ತಿಲ್ಲದೆ ಆಯಿತು ಅಂತ ನಾನು ಒಪ್ಪುವುದಿಲ್ಲ. ಸಾಹಸ ಕ್ರೀಡೆ ಸೇರಿಸಿದ ಪಾಲಿಸಿಗೆ ಹೆಚ್ಚಿನ ಪ್ರೀಮಿಯಂ ಕೊಡಬೇಕು, ಅದನ್ನು ಉಳಿಸಿದ್ದಾರೆ.

ಆದ್ದರಿಂದ, ದುಡ್ಡು ಕಟ್ಟುವ ಮೊದಲು ಪಾಲಿಸಿಯ ಪೂರ್ತಿ ಪ್ರತಿ ಕೈಗೆ ಬರಲಿ. ಅದರಲ್ಲಿ ಯಾವುದಕ್ಕೆ ರಕ್ಷಣೆ ಇಲ್ಲ ಅನ್ನುವ ಭಾಗವನ್ನೇ ಮೊದಲು ಓದಿ. ಸರ್ಫಿಂಗ್ ಅಂತ ಹೆಸರು ಹಿಡಿದು ಬರೆದಿರದಿದ್ದರೆ ನೀವೇ ಬೇರೆ ಪಾಲಿಸಿ ಮಾಡಿಸಿಕೊಳ್ಳಿ. ಕಲಿಸುವವರ ಹತ್ತಿರ ಅಂತಾರಾಷ್ಟ್ರೀಯ ಸರ್ಫಿಂಗ್ ಸಂಸ್ಥೆಯ ತರಬೇತುದಾರ ಸರ್ಟಿಫಿಕೇಟ್, ನೀರಿನಲ್ಲಿ ಜೀವ ಉಳಿಸುವ ತರಬೇತಿ ಎರಡೂ ಇದೆಯಾ ಕೇಳಿ. ಇದ್ದವರು ಸಂತೋಷವಾಗಿ ತೋರಿಸುತ್ತಾರೆ. ಒಬ್ಬರಿಗೆ ನಾಲ್ಕೈದು ಜನಕ್ಕಿಂತ ಜಾಸ್ತಿ ಅಂದರೆ ನಾನಂತೂ ಒಪ್ಪಲ್ಲ. ಯಾವ ಜಾಗದಲ್ಲಿ ಇಳಿಸುತ್ತಾರೆ, ತಳ ಮರಳೋ ಬಂಡೆಯೋ, ಹತ್ತಿರದ ಆಸ್ಪತ್ರೆಗೆ ಎಷ್ಟು ಹೊತ್ತು ಅನ್ನುವುದನ್ನು ಮಾತಿನಲ್ಲಿ ಅಲ್ಲ, ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ‘ಸೀಕ್ರೆಟ್, ಅಲ್ಲಿಗೆ ಹೋದ ಮೇಲೆ ಹೇಳ್ತೀವಿ’ ಅಂದರೆ ಅಲ್ಲಿಗೇ ಬಿಡಿ. ಸೀಸನ್‌ನ ಮಧ್ಯದಲ್ಲಿ ಒಳ್ಳೆಯ ಅಲೆ ಇರುವ ಜಾಗ ಖಾಲಿ ಇದೆ ಅಂದರೆ ಅದಕ್ಕೊಂದು ಕಾರಣ ಇರುತ್ತದೆ. ಕೆಲವು ಸಲ ಬರೀ ದೂರ, ಕೆಲವು ಸಲ ಬಂಡೆ, ಕೆಲವು ಸಲ ಅವತ್ತಿನ ಸ್ವೆಲ್. ನಮ್ಮದರಲ್ಲಿ ಮೂರೂ ಇತ್ತು. ಲೀಶ್ ಸರಿ ಇಲ್ಲದಿದ್ದರೆ ಗುಂಪೆಲ್ಲ ಇಳಿದರೂ ನೀವು ಇಳಿಯಬೇಡಿ. ಅದು ಸುಮಾರಾಗಿ ಬೋರ್ಡ್‌ನಷ್ಟೇ ಉದ್ದ ಇರಬೇಕು, ಪಟ್ಟಿ ಎಳೆದಾಗ ಚರ್ರನೆ ಸದ್ದು ಬರಬೇಕು.

ಈಗಾಗಲೇ ಮೋಸ ಹೋದವರು ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ಮಾತಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ಇನ್ಶೂರೆನ್ಸ್ ಕಂಪನಿಯ ಮೇಲಾದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಹೋಗದಿದ್ದರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ಇನ್ಶೂರೆನ್ಸ್ ದೂರು ಬಗೆಹರಿಸುವ ಅಧಿಕಾರಿ) ಹತ್ತಿರ ಹೋಗಬಹುದು, ಅವರ ಕಚೇರಿ ಬೆಂಗಳೂರಿನಲ್ಲೇ ಇದೆ. ವಾಟ್ಸಾಪ್ ಗುಂಪಿನಿಂದ ಹೊರಬರುವ ಮೊದಲು ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ನಮ್ಮ ಗುಂಪಿನಲ್ಲಿ ಅಪಘಾತದ ರಾತ್ರಿಯೇ ‘ಇನ್ಶೂರೆನ್ಸ್ ಸೇರಿದೆ’ ಅನ್ನುವ ಮೆಸೇಜ್ ಅಳಿಸಿಹಾಕಿದ್ದರು. ಗುಂಪಿನವರೊಬ್ಬರು ಅದರ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟಿದ್ದರು, ನಮ್ಮ ದೂರು ಈಗ ನಿಂತಿರುವುದು ಅದರ ಮೇಲೆ.

ಅದೇ ಸಂಘಟಕರು ಮುಂದಿನ ಬ್ಯಾಚ್‌ಗೆ ಮುಂಗಡ ತೆಗೆದುಕೊಳ್ಳುತ್ತಿದ್ದಾರೆ. ಪೋಸ್ಟರ್‌ನಲ್ಲಿರುವುದು ನಾವು ಇಳಿದ ಅದೇ ಪಾಯಿಂಟ್‌ನ ಡ್ರೋನ್ ಫೋಟೋ. ಇಂಥ ಯಾವುದೇ ಬ್ಯಾಚ್‌ಗೆ ದುಡ್ಡು ಕಟ್ಟಿದವರಿದ್ದರೆ, ಪಾಲಿಸಿಯ ಪೂರ್ತಿ ಪ್ರತಿಯನ್ನು ಇವತ್ತೇ ಕೇಳಿ.