ಒಂದೇ ತ್ರೈಮಾಸಿಕ, ಮೂರು ದಾರಿ: ಪಾತ್ರೆ ಅಂಗಡಿಯ ಜಿಎಸ್‌ಟಿ

ಹಾಸನದಲ್ಲಿ ನಮ್ಮದು ಪಾತ್ರೆ ಅಂಗಡಿ. ವರ್ಷದ ವಹಿವಾಟು 5 ಕೋಟಿಯ ಹತ್ತಿರಕ್ಕೂ ಹೋಗುವುದಿಲ್ಲ, ಹಾಗಾಗಿ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕ್ಯೂಆರ್‌ಎಂಪಿಯಲ್ಲಿದ್ದೇವೆ. ಆದರೆ ನಮ್ಮಲ್ಲಿ ಹೋಲ್‌ಸೇಲ್ ಒಯ್ಯುವ ಅರಸೀಕೆರೆ, ಅರಕಲಗೂಡಿನ ಅಂಗಡಿಯವರಿಗೆ ತೆರಿಗೆ ಕ್ರೆಡಿಟ್ (ನಮಗೆ ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತಿಂಗಳು ತಿಂಗಳೂ ಬೇಕು. ಅವರಿಗಾಗಿ ಮೊದಲೆರಡು ತಿಂಗಳ ಹೋಲ್‌ಸೇಲ್ ಬಿಲ್ಲುಗಳನ್ನು ಮುಂದಿನ ತಿಂಗಳ 13ರೊಳಗೆ ಐಎಫ್‌ಎಫ್‌ನಲ್ಲಿ, ಅಂದರೆ ರಿಟರ್ನಿಗೆ ಮೊದಲೇ ಬಿಲ್ಲು ತೋರಿಸುವ ಸೌಲಭ್ಯದಲ್ಲಿ, ಹಾಕುತ್ತೇನೆ. ಆಡಿಟರಿಗೆ ಕೊಡುವ ಬದಲು ಈ ಸಲ ನಾನೇ ಕೂತೆ, ಪ್ರತಿ ತಿಂಗಳು ಒಂದೊಂದು ದಾರಿಯಲ್ಲಿ.

ಏಪ್ರಿಲ್‌ನ 14 ಬಿಲ್ಲುಗಳನ್ನು ನೇರ ಜಿಎಸ್‌ಟಿ ಪೋರ್ಟಲಿನಲ್ಲೇ ಟೈಪ್ ಮಾಡಿದೆ. ನಿಧಾನದ ಕೆಲಸ. ಪರದೆಯ ತುಂಬ ‘4ಎ’, ‘9ಬಿ’ ಅಂತ ಕಾಯ್ದೆಯ ಭಾಷೆ. ನಮ್ಮ ತಲೆಯಲ್ಲಿರುವುದು ಬಿಲ್ ಪುಸ್ತಕ, ಅಲ್ಲಿರುವುದು ಕೋಷ್ಟಕ. ಆದರೂ ಒಂದು ಕಡೆ ಅದಕ್ಕೆ ಕೈಮುಗಿಯಬೇಕು: 15 ಅಕ್ಷರದ ಜಿಎಸ್‌ಟಿ ನಂಬರ್ ಹೊಡೆದ ತಕ್ಷಣ ಆ ಅಂಗಡಿಯ ಹೆಸರು ಪಕ್ಕದಲ್ಲೇ ಬರುತ್ತದೆ. ನಾನು ಪುಸ್ತಕದಲ್ಲಿ ಮೇಲಿನ ಸಾಲಿನ ನಂಬರ್ ನೋಡಿ ಹೊಡೆದಿದ್ದೆ. ಬೇರೆಯವರ ಹೆಸರು ಕಂಡಿತು, ಅಲ್ಲೇ ಅಳಿಸಿದೆ.

ಮೇ ತಿಂಗಳಿಗೆ ಆಫ್‌ಲೈನ್ ಟೂಲ್. ಎಕ್ಸೆಲ್ ಹಾಳೆ ತುಂಬಿ, ಜೇಸನ್ ಫೈಲ್ ಮಾಡಿ, ಪೋರ್ಟಲಿಗೆ ಏರಿಸುವುದು. 17 ಬಿಲ್ಲಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ, ಕರೆಂಟ್ ಹೋದರೂ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಆದರೆ ಹಾಳೆಗೆ ನಂಬರಿನ ಆಕಾರ ಸರಿಯಿದ್ದರೆ ಸಾಕು, ಅದು ಯಾರದ್ದು ಅಂತ ಕೇಳುವುದಿಲ್ಲ. ತಪ್ಪಿದೆಯೋ ಇಲ್ಲವೋ ಗೊತ್ತಾಗುವುದು ಏರಿಸಿದ ಮೇಲೆ.

ಜೂನ್‌ಗೆ ಮೊಬೈಲ್ ಬಿಲ್ಲಿಂಗ್ ಆ್ಯಪ್ (ಹೆಸರು ಬೇಡ). ಬಿಲ್ ಮಾಡಿದರೆ ರಿಟರ್ನ್ ತಾನಾಗಿಯೇ ತಯಾರು ಅಂತ ಅದರ ಮಾತು. ಒಂದು ವಿಷಯದಲ್ಲಿ ಅದು ನಿಜವೂ ಹೌದು. ತ್ರೈಮಾಸಿಕದ ಕೊನೆಗೆ ಎಚ್‌ಎಸ್‌ಎನ್ (ಸರಕಿನ ಕೋಡ್) ಲೆಕ್ಕ ಕೊಡಬೇಕಲ್ಲ, ಸ್ಟೀಲ್ 7323ರಲ್ಲಿ ಎಷ್ಟು, ಅಲ್ಯುಮಿನಿಯಂ 7615ರಲ್ಲಿ ಎಷ್ಟು ಅಂತ. ಹಿಂದಿನ ಎರಡು ತಿಂಗಳ ಬಿಲ್ಲುಗಳನ್ನೂ ಅದಕ್ಕೆ ತುಂಬಿದ್ದೆ. ಕೈಯಲ್ಲಿ ಮಾಡಿದರೆ ಒಂದು ದಿನ ತಿನ್ನುವ ಕೆಲಸ ಕ್ಷಣದಲ್ಲಿ ಮುಗಿಯಿತು. ಕೊನೆಗೆ ಒಂದು ಹಸಿರು ಟಿಕ್. ನಂಬಿ ಕಳಿಸಿಬಿಟ್ಟೆ.

ಜುಲೈ 15ಕ್ಕೆ ಅರಸೀಕೆರೆಯಿಂದ ಫೋನು: “ಅಣ್ಣಾ, ಜೂನ್ ಬಿಲ್ಲು ಒಂದು 2ಬಿಯಲ್ಲಿ ಕಾಣ್ತಾ ಇಲ್ವಲ್ಲ?” 2ಬಿ ಅಂದರೆ ಕೊಂಡವರಿಗೆ ಸಿಗುವ ಕ್ರೆಡಿಟ್ ತೋರಿಸುವ ಪಟ್ಟಿ. ಅವಸರದಲ್ಲಿ ನಮ್ಮ ಅಂಗಡಿಯ ಹುಡುಗ ಅವರ ಜಿಎಸ್‌ಟಿ ನಂಬರ್ ಹಾಕದೆ ಬಿಲ್ ಮಾಡಿದ್ದ. ಆ್ಯಪ್ ಅದನ್ನು ಸದ್ದಿಲ್ಲದೆ ಕೌಂಟರ್ ವ್ಯಾಪಾರಕ್ಕೆ ಸೇರಿಸಿ ಟಿಕ್ ಹಾಕಿತ್ತು. ಹುಡುಗನ ತಪ್ಪು ಚಿಕ್ಕದು. ಹೆಸರಿನಲ್ಲಿ ‘ಸ್ಟೋರ್ಸ್’ ಅಂತಿದೆ, ದೊಡ್ಡ ಮೊತ್ತ, ನಂಬರ್ ಮಾತ್ರ ಇಲ್ಲ; ಇಷ್ಟಾದರೂ ಒಂದು ಪ್ರಶ್ನೆ ಕೇಳದ ಆ್ಯಪನ್ನು ಸುಲಭ ಅಂತ ಹೇಗೆ ಕರೆಯಲಿ? ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್ ಆದ 3ಬಿ ಹಾಕಲು ನಮ್ಮ ರಾಜ್ಯದವರಿಗೆ 22ರವರೆಗೆ ಸಮಯ. ಅಷ್ಟರೊಳಗೆ ತಿದ್ದುಪಡಿಯ ಫಾರ್ಮ್ ಜಿಎಸ್‌ಟಿಆರ್-1ಎ ಹಾಕಿ ಸರಿಮಾಡಿದೆ. ಆದರೂ ಅವರ ಕ್ರೆಡಿಟ್ ಒಂದು ತಿಂಗಳು ಮುಂದೆ ಹೋಯಿತು.

ನಾಲ್ಕನೆಯದೂ ಒಂದುಂಟು, ಹೋಲಿಕೆಗೆ ಸರಿಸಮವಲ್ಲ. ಭಾವನ ಅಂಗಡಿ ಮುಚ್ಚಿದೆ, ನೋಂದಣಿ ಇನ್ನೂ ಇದೆ. ಅವರ ಶೂನ್ಯ 3ಬಿಯನ್ನು 14409ಕ್ಕೆ ಎಸ್‌ಎಂಎಸ್ ಕಳಿಸಿಯೇ ಮುಗಿಸಿದೆ. 2020ರಿಂದ ಇರುವ ಸೌಲಭ್ಯ. ಸಂದೇಶ ಹೋಗುತ್ತದೆ, ಆರಂಕಿಯ ಕೋಡ್ ಬರುತ್ತದೆ, ಅದನ್ನು ಮರಳಿಸಿದರೆ ಆಯಿತು. ನಾನು ನೋಡಿದ್ದರಲ್ಲಿ ಅತ್ಯಂತ ಸರಳ ವಿನ್ಯಾಸ ಇದೇ, ಆದರೆ ವ್ಯಾಪಾರ ಇರುವವನಿಗೆ ಉಪಯೋಗವಿಲ್ಲ!

ಈಗ ಬಿಲ್ಲು, ಎಚ್‌ಎಸ್‌ಎನ್ ಲೆಕ್ಕಕ್ಕೆ ಆ್ಯಪ್ ಇಟ್ಟುಕೊಂಡಿದ್ದೇನೆ. ಅದು ಕೊಟ್ಟ ಫೈಲನ್ನು ಪೋರ್ಟಲಿಗೆ ಏರಿಸಿ, ಅಲ್ಲಿ ಕಾಣುವ ಹೆಸರುಗಳನ್ನು ಬಿಲ್ ಪುಸ್ತಕದ ಜೊತೆ ಒಂದೊಂದೇ ತಾಳೆ ನೋಡಿ, ಆಮೇಲೆ ಒಟಿಪಿ. ತಾಳೆ ನೋಡುವಾಗ ಹೆಸರು ಓದುವುದು ಆ ಹುಡುಗನ ಕೆಲಸ.